ಹೇಳುವವರಿಲ್ಲದ ಕಥೆಗಳು: ಕಾರ್ಟೂನ್ ವಾಹಿನಿಯ ಮರೆವು

ಕಥೆಯೊಂದು ಬದುಕುವುದು ಅದರ ಹೇಳುವಿಕೆಯಲ್ಲಿ ಎಂಬುದು ಜಾನಪದ ಅಧ್ಯಯನದ ಮೂಲಭೂತ ತಿಳಿವಳಿಕೆ. ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದರಲ್ಲಿ, ಗೃಹಿಣಿಯೊಬ್ಬಳಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿರುತ್ತವೆ. ಅವಳು ಅವನ್ನು ಯಾರಿಗೂ ಹೇಳುವುದಿಲ್ಲ. ಅವಳೊಳಗೆ ಉಸಿರುಕಟ್ಟಿದ ಅವು ಒಂದು ದಿನ ಅವಳು ಮಲಗಿದ್ದಾಗ ಹೊರಬಂದು, ಕಥೆ ಪಾದರಕ್ಷೆಯಾಗಿ, ಹಾಡು ಕೋಟಾಗಿ ಸೇಡು ತೀರಿಸಿಕೊಳ್ಳುತ್ತವೆ. ಬಲ್ಲವರು ಹೇಳದೆ ಉಳಿಯುವುದು ಕಥೆಗೆ ಮಾಡುವ ಅನ್ಯಾಯ ಎಂಬ ಈ ಗ್ರಹಿಕೆಯನ್ನು ಆಧುನಿಕ ಕಥಾಭಂಡಾರಗಳಾದ ಟೆಲಿವಿಷನ್ ವಾಹಿನಿಗಳಿಗೂ ಅನ್ವಯಿಸಿ ನೋಡಬಹುದು. ಇದಕ್ಕೆ ಅಮೆರಿಕದ ಕಾರ್ಟೂನ್ ನೆಟ್‌ವರ್ಕ್ ಉತ್ತಮ ನಿದರ್ಶನ.

ಈ ವಾಹಿನಿ ಆರಂಭವಾದುದು 1992ರ ಅಕ್ಟೋಬರ್ 1ರಂದು. ಅದಕ್ಕೂ ಹಿಂದಿನ ವರ್ಷ ಟರ್ನರ್ ಸಂಸ್ಥೆ ಹ್ಯಾನಾ-ಬಾರ್ಬೆರಾ ಸ್ಟುಡಿಯೊವನ್ನು ಕೊಂಡಿತ್ತು. ಆ ಸ್ಟುಡಿಯೊದ ಹಳೆಯ ಕಾರ್ಟೂನುಗಳ ಮರುಪ್ರಸಾರವೇ ಹೊಸ ವಾಹಿನಿಯ ಬಂಡವಾಳವಾಯಿತು. ಹಳತನ್ನು ಮತ್ತೆ ಮತ್ತೆ ಹೇಳುವುದರಿಂದಲೇ ಹುಟ್ಟಿದ ಸಂಸ್ಥೆಯಿದು ಎಂಬುದು ಗಮನಾರ್ಹ. 1995ರಲ್ಲಿ ಭಾರತಕ್ಕೂ ಕಾಲಿಟ್ಟ ಈ ವಾಹಿನಿ, ಅದೇ ವರ್ಷ ಅಮೆರಿಕದಲ್ಲಿ ‘ವಾಟ್ ಎ ಕಾರ್ಟೂನ್!’ ಎಂಬ ಕಿರುಚಿತ್ರ ಮಾಲೆಯ ಮೂಲಕ ಹೊಸ ಕಲಾವಿದರಿಗೆ ಅವಕಾಶ ನೀಡಿತು. ಅದರಿಂದ ‘ಡೆಕ್ಸ್‌ಟರ್ಸ್ ಲ್ಯಾಬೊರೇಟರಿ’ (1996), ‘ಜಾನಿ ಬ್ರಾವೊ’ (1997), ‘ಪವರ್‌ಪಫ್ ಗರ್ಲ್ಸ್’ (1998) ಮೊದಲಾದ ಜನಪ್ರಿಯ ಸ್ವಂತ ಸರಣಿಗಳು ಬೆಳೆದವು.

ಇವುಗಳ ನೆರಳಿನಲ್ಲಿ ಬೇರೆ ಕೆಲವು ಸರಣಿಗಳೂ ಹುಟ್ಟಿದವು. ನ್ಯೂಯಾರ್ಕಿನ ಹುಡುಗಿಯೊಬ್ಬಳು ದ್ವೀಪವೊಂದರಲ್ಲಿ ಕಳೆಯುವ ದಿನಗಳನ್ನು ಕುರಿತ ‘ಮೈಕ್, ಲೂ ಅಂಡ್ ಓಗ್’ (1999) ಸರಣಿಯ ಚಿತ್ರಗಳನ್ನು ಮಾಸ್ಕೋದ ಕಲಾವಿದರು ರಚಿಸಿದರು. ಮೋ ವಿಲ್ಲೆಮ್ಸ್ ಅವರ ‘ಶೀಪ್ ಇನ್ ದ ಬಿಗ್ ಸಿಟಿ’ (2000–2002) ಸೈನ್ಯದ ಕೈಗೆ ಸಿಗದಿರಲು ಹೊಲಮನೆ ಬಿಟ್ಟು ಮಹಾನಗರಕ್ಕೆ ಓಡಿಬಂದ ಕುರಿಯ ಕಥೆ. ‘ಟೈಮ್ ಸ್ಕ್ವಾಡ್’ (2001–2003) ಇತಿಹಾಸದ ತಪ್ಪುಗಳನ್ನು ಸರಿಪಡಿಸಲು ಹೊರಟವರ ವಿನೋದಕಥನ. ವಿಲ್ಲೆಮ್ಸ್ ಅವರು ಮುಂದೆ ಮಕ್ಕಳ ಚಿತ್ರಪುಸ್ತಕಗಳಿಂದ ಪ್ರಸಿದ್ಧರಾದರೂ ಆ ಪ್ರಸಿದ್ಧಿ ಅವರ ಕುರಿಯನ್ನು ತೆರೆಗೆ ಮರಳಿಸಲಿಲ್ಲ. 2023ರ ಆಗಸ್ಟ್‌ನಲ್ಲಿ ಅಡಲ್ಟ್ ಸ್ವಿಮ್ ಹಳೆಯ ಕಾರ್ಟೂನುಗಳಿಗಾಗಿ ‘ಚೆಕರ್ಡ್ ಪಾಸ್ಟ್’ ಎಂಬ ಸಮಯವನ್ನು ಮೀಸಲಿಟ್ಟಾಗ ಮರಳಿ ಕಂಡದ್ದು ‘ಡೆಕ್ಸ್‌ಟರ್ಸ್ ಲ್ಯಾಬೊರೇಟರಿ’, ‘ಎಡ್, ಎಡ್ ಎನ್ ಎಡಿ’, ‘ಕರೇಜ್’ ಮೊದಲಾದ ಹೆಸರಾಂತ ಸರಣಿಗಳೇ.

ಈ ಉಪೇಕ್ಷೆಗೆ ವ್ಯಾವಹಾರಿಕ ಕಾರಣಗಳಿವೆ. ದಿನದ ಪ್ರಸಾರಾವಧಿ ಸೀಮಿತ. ವೀಕ್ಷಕರ ಸಂಖ್ಯೆಯ ಮೇಲೆ ಜಾಹೀರಾತಿನ ಆದಾಯ ನಿಂತಿದೆ. 26 ಕಂತುಗಳಷ್ಟೇ ಇರುವ ಸರಣಿಯನ್ನು ವಾರಕ್ಕೆ ಐದರಂತೆ ತೋರಿಸಿದರೆ ಐದಾರು ವಾರಗಳಲ್ಲಿ ಮುಗಿದುಹೋಗುತ್ತದೆ. ಆಟಿಕೆ, ಅಂಗಿಗಳ ಮಾರಾಟಕ್ಕೂ ಅದು ಒದಗುವುದಿಲ್ಲ. ಇದರೊಡನೆ ಒಡೆತನದ ಪಲ್ಲಟಗಳೂ ಸೇರಿವೆ. 1996ರಲ್ಲಿ ಟೈಮ್ ವಾರ್ನರ್, 2018ರಲ್ಲಿ ಎಟಿ ಅಂಡ್ ಟಿ, 2022ರಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಎಂದು ಯಜಮಾನರು ಬದಲಾದಂತೆ ಭಂಡಾರದೊಳಗಿನ ಸಣ್ಣ ವಸ್ತುಗಳ ನೆನಪು ಮಸುಕಾಗುವುದು ಸಹಜ.

ಹಳತಕ್ಕೆಂದೇ ವಾಹಿನಿ ಮಾಡಿಕೊಂಡ ಏರ್ಪಾಡುಗಳೂ ಸ್ಥಿರವಾಗಿ ಉಳಿಯಲಿಲ್ಲ. 2000ದ ಏಪ್ರಿಲ್ 1ರಂದು ಹಳೆಯ ಕಾರ್ಟೂನುಗಳಿಗಾಗಿ ಬೂಮರಾಂಗ್ ಎಂಬ ಪ್ರತ್ಯೇಕ ವಾಹಿನಿ ಆರಂಭವಾಯಿತಾದರೂ ಕಾಲಾನಂತರ ಅದೂ ಹೊಸ ಸರಣಿಗಳತ್ತ ವಾಲಿತು. ಅದೇ ಹೆಸರಿನಲ್ಲಿ 2017ರಲ್ಲಿ ಬಂದ ಅಂತರ್ಜಾಲ ಸೇವೆ 2024ರ ಸೆಪ್ಟೆಂಬರ್ 30ಕ್ಕೆ ಮುಚ್ಚಿಹೋಯಿತು. 2022ರ ಆಗಸ್ಟ್‌ನಲ್ಲಿ ಎಚ್‌ಬಿಒ ಮ್ಯಾಕ್ಸ್ ಸೇವೆಯಿಂದ 36 ಶೀರ್ಷಿಕೆಗಳು ಹೊರಹೋದಾಗ ಓವನ್ ಡೆನ್ನಿಸ್ ಅವರ ‘ಇನ್ಫಿನಿಟಿ ಟ್ರೈನ್’ (2019–2021) ಕೂಡ ಕಣ್ಮರೆಯಾಯಿತು. ಮರೆವು ತಟ್ಟಲು ಕೃತಿ ತೀರಾ ಹಳತಾಗಬೇಕೆಂದೇನೂ ಇಲ್ಲ ಎಂಬುದಕ್ಕೆ ಇದು ಸಾಕ್ಷಿ.

ಜನರು ಒಪ್ಪದ ಕೃತಿ ಅಳಿಯುವುದು ಸಹಜವಲ್ಲವೇ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸಮುದಾಯ ಸ್ವೀಕರಿಸಿದ್ದು ಮಾತ್ರ ಜನಪದವಾಗಿ ಉಳಿಯುತ್ತದೆಂದು ಯಾಕಬ್ಸನ್ ಮತ್ತು ಬೊಗಾತಿರೆವ್ 1929ರಲ್ಲೇ ಪ್ರತಿಪಾದಿಸಿದ್ದರು. ಆದರೆ ಎರಡೂ ಸಂದರ್ಭಗಳು ಒಂದೇ ಅಲ್ಲ. ಸ್ವೀಡನ್ನಿನ ವಿದ್ವಾಂಸ ಫಾನ್ ಸಿಡೋ ಅವರು ಪರಂಪರೆಯ ವಾಹಕರನ್ನು ಸಕ್ರಿಯರು, ನಿಷ್ಕ್ರಿಯರು ಎಂದು ಎರಡಾಗಿ ವಿಂಗಡಿಸಿದರು. ಕಥೆ ಹೇಳುವವರು ಮೊದಲಿನವರು; ಕೇಳಿ ನೆನಪಿಟ್ಟುಕೊಂಡವರು ಎರಡನೆಯವರು. ಹಳ್ಳಿಯಲ್ಲಿ ಕಥೆಗಾರ್ತಿ ತೀರಿಕೊಂಡರೆ, ಕೇಳಿದ ಮೊಮ್ಮಗಳು ನಾಳೆ ತಾನೇ ಹೇಳಬಲ್ಲಳು, ಅವಳನ್ನು ತಡೆಯುವವರಿಲ್ಲ. ಕಾರ್ಟೂನಿನ ವಿಷಯದಲ್ಲಿ ಈ ದಾಟುವಿಕೆಗೆ ಕಾನೂನಿನ ಅಡ್ಡಗೋಡೆಯಿದೆ. ಅಮೆರಿಕದಲ್ಲಿ ಸಂಸ್ಥೆಯೊಂದು 2000ದಲ್ಲಿ ಪ್ರಕಟಿಸಿದ ಇಂಥ ಕೃತಿಯ ಹಕ್ಕು 95 ವರ್ಷ, ಅಂದರೆ 2095ರ ಕೊನೆಯವರೆಗೆ ಅದರದೇ. ಲಕ್ಷಾಂತರ ಜನರ ನೆನಪಿನಲ್ಲಿದ್ದರೂ ಹೇಳುವ ಹಕ್ಕು ಒಂದೇ ಬಾಯಿಗೆ ಸೀಮಿತ. ಆ ಬಾಯಿ ಮುಚ್ಚಿದರೆ ಸಮುದಾಯಕ್ಕೆ ಒಪ್ಪುವ ಅವಕಾಶವೂ ಇಲ್ಲ, ತಿರಸ್ಕರಿಸುವ ಅವಕಾಶವೂ ಇಲ್ಲ.

ಎಲ್ಲವನ್ನೂ ಸದಾ ಪ್ರಸಾರ ಮಾಡಬೇಕೆಂಬುದು ಸಾಧುವಾದ ನಿರೀಕ್ಷೆಯಲ್ಲ. ಆದರೆ ತಾನೇ ಹೇಳಲಿಚ್ಛಿಸದ ಕೃತಿಯನ್ನು ಗ್ರಂಥಾಲಯಕ್ಕೋ, ಪತ್ರಾಗಾರಕ್ಕೋ, ಬೇರೊಂದು ವಾಹಿನಿಗೋ ಹಸ್ತಾಂತರಿಸುವ ದಾರಿ ತೆರೆದಿರುತ್ತದೆ. ಒಡೆತನವೆಂಬುದು ಹಕ್ಕಿನಷ್ಟೇ ಹೊಣೆಯೂ ಹೌದು. ಹೇಳುವ ಅಧಿಕಾರ ತನಗೊಬ್ಬನಿಗೇ ಇರಲಿ ಎನ್ನುವವನು ಕಾಪಾಡುವ ಭಾರವನ್ನೂ ಹೊರಬೇಕಾಗುತ್ತದೆ.