ದೇಸೂರಿನ ಗುಡ್ಡದ ಬಿಳಿ ಹೂವು



ಹಿಂದಿನ ಒಂದು ಸರ್ವಸಾಧಾರಣ ಸಭೆಯ ಊಟದ ಪಂಕ್ತಿಯಲ್ಲಿ ನಾವು ಮಾತಿಗೆ ಮಾತು ಬಂದು, ದೇಸೂರಿನಲ್ಲಿ ಹೊಸ ಜಾತಿಯ ಹೂವೊಂದನ್ನು ಕಂಡೆವೆಂದು ಹೇಳಿಬಿಟ್ಟಿದ್ದೆವು. ಆ ಮಾತು ಬಾಯಿಂದ ಬಾಯಿಗೆ ಬೆಳೆದು, ಸಂಘದ ಕಾರ್ಯದರ್ಶಿಗಳ ಹೆಸರನ್ನೇ ಆ ಹೂವಿಗೆ ಇಡುತ್ತಾರಂತೆ ಎಂಬಲ್ಲಿಗೆ ಮುಟ್ಟಿದೆ. ಆದ್ದರಿಂದ ನಡೆದುದನ್ನು ನಡೆದ ಹಾಗೆ ಬರೆಯುವುದು ನಮ್ಮ ಪಾಲಿನ ಕೆಲಸವಾಗಿದೆ.

ದೇಸೂರ ಬೆಳಗಾವಿಗೂ ಖಾನಾಪುರಕ್ಕೂ ನಡುವಿನ ರೈಲು ನಿಲ್ದಾಣ. ನಮ್ಮ ತಂಗಿಯನ್ನು ಅಲ್ಲಿಗೆ ಕೊಟ್ಟಿದೆ. ಎರಡು ವರ್ಷದ ಹಿಂದೆ ಆಷಾಢದಲ್ಲಿ ಹೋದಾಗ, ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದು ಸೋದರಳಿಯನೊಡನೆ ಊರ ಹೊರಗಿನ ಕಲ್ಲುಗುಡ್ಡ ಹತ್ತಿದೆವು. ಬೇಸಿಗೆಯಲ್ಲಿ ಕಾಲು ಸುಡುವ ಬರೀ ಕಲ್ಲುಹಾಸು ಅದು. ಆಗ ನೋಡಿದರೆ ಬಂಡೆಯ ಬಿರುಕಿನ ಬೊಗಸೆ ಮಣ್ಣಿನಲ್ಲಿ ಹುಲ್ಲಿನಂಥ ಎಲೆ, ನಡುವೆ ನೀಳ ಕಡ್ಡಿ, ಕಡ್ಡಿಯ ತುಂಬ ಆರೆಸಳಿನ ಬಿಳಿ ಹೂ. "ಮಳಿಗಾಲದಾಗ ಬರತಾವ್ರೀ ಮಾಮಾ, ದನಾನೂ ಮುಟ್ಟಂಗಿಲ್ಲ" ಎಂದ ಅಳಿಯ. ನಾವು ಹೂವನ್ನಷ್ಟೇ ಚಿವುಟಿ ಡೈರಿಯ ಹಾಳೆಗಳ ನಡುವೆ ಇಟ್ಟೆವು. ತಪ್ಪಿದ್ದು ಅಲ್ಲಿಯೇ.

ಸಸ್ಯಶಾಸ್ತ್ರ ಬಲ್ಲ ಸ್ನೇಹಿತರೊಬ್ಬರಿಗೆ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಗೆಡ್ಡೆ ಎಲ್ಲಿ?" ಎರಡನೆಯದು, "ಕಾಯಿ ಎಲ್ಲಿ?" ನಾವು ತಂದದ್ದು ಕ್ಲೋರೋಫೈಟಮ್ ಕುಲದ್ದು, ಅಂದರೆ ಬಿಳಿ ಮುಸಲಿಯ ಬಳಗದ್ದು; ಅಷ್ಟನ್ನು ಅವರು ಹೇಳಿದರು. ಈ ಬಳಗದಲ್ಲಿ ಒಂದು ಜಾತಿಯನ್ನು ಇನ್ನೊಂದರಿಂದ ಬೇರ್ಪಡಿಸುವುದು ಹೂವಿನ ಚೆಲುವಲ್ಲ. ಗೆಡ್ಡೆ ಬುಡಕ್ಕೇ ಅಂಟಿದೆಯೋ ಬೇರಿನ ತುದಿಯಲ್ಲಿ ತೂಗುತ್ತಿದೆಯೋ, ಹೂಗೊಂಚಲು ಕವಲೊಡೆದಿದೆಯೋ ಇಲ್ಲವೋ, ಹೂವಿನ ತೊಟ್ಟಿನ ಗಂಟು ಮೇಲಿದೆಯೋ ಕೆಳಗಿದೆಯೋ, ಪರಾಗಕೋಶ ತನ್ನ ಎಳೆಗಿಂತ ಉದ್ದವೋ ಗಿಡ್ಡವೋ ಎಂಬಂಥವು. ಬೀಜವನ್ನೂ ವರ್ಣತಂತುಗಳ ಎಣಿಕೆಯನ್ನೂ ನೋಡುವುದುಂಟು. ನಮ್ಮ ಡೈರಿಯ ಒಣ ಹೂ ಇವುಗಳಲ್ಲಿ ಬಹುಪಾಲಿಗೆ ಉತ್ತರ ಕೊಡಲಾರದು.

ಅವರು ಹೇಳಿದ ಇನ್ನೊಂದು ಸಂಗತಿ ನಮ್ಮನ್ನು ಬೆಚ್ಚಿಸಿತು. ಇದೇ ಕುಲದಲ್ಲಿ ಬೆಳಗಾವಿಯ ಹೆಸರನ್ನೇ ಹೊತ್ತ ಜಾತಿಯೊಂದಿದೆ, ಕ್ಲೋರೋಫೈಟಮ್ ಬೆಳಗಾಮೆನ್ಸೆ. ಈ ಶತಮಾನದಲ್ಲೇ ಅದನ್ನು ಹೊಸದೆಂದು ಗುರುತಿಸಿದವರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ಪ್ರೊ. ಎಸ್. ಆರ್. ಯಾದವ್ ಮತ್ತು ಸಂಗಡಿಗರು. ಈ ಸೀಮೆಯ ಸಸ್ಯಗಳನ್ನು ನೂರೈವತ್ತು ವರ್ಷಕ್ಕೂ ಹಿಂದಿನಿಂದ ಕಲೆಹಾಕುತ್ತ ಬಂದಿದ್ದರೂ ಅದು ಉಳಿದುಕೊಂಡಿತ್ತು. ಕಂಪನಿ ಕಾಲದಲ್ಲಿ ಬೊಂಬಾಯಿ ಸರಕಾರದ ಅಧಿಕಾರಿ ಲಾ ಎಂಬಾತ ಇಲ್ಲಿ ಗಿಡ ಸಂಗ್ರಹಿಸಿದ. ಕಲ್ಲುಹಾಸಿನ ಮೇಲೆ ಮಳೆಗಾಲದಲ್ಲಿ ಕಂಬಳಿಯಂತೆ ಹರಡುವ ಕರ್ಣಕುಂಡಲದ ಕುಲದ ಇಂಪೇಷಿಯನ್ಸ್ ಲಾವಿಗೆ ಅವನದೇ ಹೆಸರು. ಮದರಾಸಿನ ವೈದ್ಯ ರಾಬರ್ಟ್ ವೈಟ್ ಸೇವಂತಿಗೆ ಕುಟುಂಬದ ಹಳದಿ ಹೂವೊಂದಕ್ಕೆ ಬೆಳಗಾವಿಯ ಹೆಸರಿಟ್ಟ. ಮುಂದೆ 1876ರಲ್ಲಿ ಸಿ. ಬಿ. ಕ್ಲಾರ್ಕ್ ಅದನ್ನು ಸೆನೆಶಿಯೋ ಕುಲಕ್ಕೆ ಸೇರಿಸಿದ. ಕುಲ ಬದಲಾಯಿತು, ಊರ ಹೆಸರು ಉಳಿಯಿತು.

ಹೊಸ ಜಾತಿ ಎಂದು ಒಪ್ಪಿಸುವುದು ಕೋರ್ಟಿನಲ್ಲಿ ಹಕ್ಕು ಸ್ಥಾಪಿಸಿದ ಹಾಗೆ. ಹಳೆಯ ಕಾಗದಪತ್ರಗಳನ್ನೆಲ್ಲ ತೆಗೆಯಬೇಕು. ಹತ್ತಿರದ ಜಾತಿಗಳ ಒಣ ನಮೂನೆಗಳನ್ನು ಭಂಡಾರಗಳಲ್ಲಿ ತಾಳೆ ನೋಡಬೇಕು. ಪುಣೆಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ಭಂಡಾರವಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಒಂದಿದೆ. ಆಮೇಲೆ ಒಂದು ನಮೂನೆಯನ್ನು ಆ ಹೆಸರಿನ ಶಾಶ್ವತ ಸಾಕ್ಷಿಯೆಂದು ಗೊತ್ತುಮಾಡಿ, ವರ್ಣನೆಯನ್ನು ಪ್ರಕಟಿಸಬೇಕು. 1935ರಿಂದ 2011ರ ಕೊನೆಯವರೆಗೆ ಈ ವರ್ಣನೆ ಲ್ಯಾಟಿನ್ನಿನಲ್ಲೇ ಇರಬೇಕಿತ್ತು. 2012ರಿಂದ ಇಂಗ್ಲಿಷೂ ಸಾಕು. ಕನ್ನಡ ಇನ್ನೂ ಸಾಲದು ಎಂಬುದು ನಮ್ಮ ಸಣ್ಣ ಅಸಮಾಧಾನ. ನಮ್ಮ ದೇಶದ 2002ರ ಜೀವವೈವಿಧ್ಯ ಕಾಯಿದೆಯಂತೆ ಹೊಸ ಜಾತಿಯ ನಮೂನೆಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸತಕ್ಕದ್ದು. ಇನ್ನು, ಕಂಡವನು ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ರೂಢಿಯಿಲ್ಲ. ಪಂಕ್ತಿಯ ಗೆಳೆಯರು ಇದನ್ನು ಗಮನಿಸಬೇಕು.

ಹೋದ ವರ್ಷ ಪೂರ್ಣ ಗಿಡ ತರೋಣವೆಂದು ಹಳೆಯ ಪತ್ರಿಕೆಗಳ ಕಟ್ಟಿನೊಂದಿಗೆ ದೇಸೂರಿನಲ್ಲಿ ಇಳಿದೆವು. ಗುಡ್ಡದ ಆ ಮಗ್ಗುಲು ಇರಲಿಲ್ಲ. ರಸ್ತೆಗೆಂದು ಕಲ್ಲು ಕಿತ್ತು ಸಾಗಿಸಿದ್ದರು. ಉಳಿದ ಗುಂಡಿಯಲ್ಲಿ ಕೆಂಪು ನೀರು ನಿಂತಿತ್ತು. ಯಾರನ್ನು ದೂರುವುದು? ಕಂದಾಯದ ಲೆಕ್ಕದಲ್ಲಿ ಅಂಥ ಜಾಗ ಖರಾಬು. ನಾವು ತೋಟಗಾರರೂ ಅದೇ ಕಣ್ಣಿನಿಂದ ನೋಡುತ್ತೇವಲ್ಲವೇ? ಕಾಫಿ ತೋಟದ ಅಂಚಿನ ಬಾಣೆ, ಅಡಿಕೆ ತೋಟದ ಮೇಲಿನ ಸೊಪ್ಪಿನ ಬೆಟ್ಟ, ಬೇಲಿಯ ಬುಡ, ಇವಕ್ಕೆ ಕಳೆನಾಶಕ ಹೊಡೆಯುವಾಗ ಏನು ಸತ್ತಿತೆಂದು ಬಗ್ಗಿ ನೋಡಿದವರು ನಮ್ಮಲ್ಲಿ ಎಷ್ಟು ಮಂದಿ? ವರ್ಷದಲ್ಲಿ ಕೆಲವೇ ವಾರ ನೆಲದ ಮೇಲೆ ಕಾಣುವ ಗಿಡವಾದರೆ, ಹೋದದ್ದೂ ತಿಳಿಯುವುದಿಲ್ಲ.

ನಿಮ್ಮಲ್ಲಿ ಯಾರಿಗಾದರೂ ಗುರುತಿಲ್ಲದ ಹೂ ಸಿಕ್ಕಿದರೆ, ಮೊದಲು ಎಣಿಸಿರಿ. ಹತ್ತಾರು ಗಿಡಗಳಿದ್ದರೆ ಒಂದನ್ನು ಮಾತ್ರ ಬೇರುಸಹಿತ ತೆಗೆಯಿರಿ. ಒಂದೆರಡೇ ಇದ್ದರೆ ಫೋಟೋ ಸಾಕು. ಒಣಗಿದ ಮೇಲೆ ಬಣ್ಣ ಹೋಗುವುದರಿಂದ ಹೂವಿನ ಬಣ್ಣ, ದಿನಾಂಕ, ಜಾಗ, ನೆಲದ ಬಗೆ ಎಲ್ಲವನ್ನೂ ಅಲ್ಲೇ ಬರೆಯಿರಿ. ಪತ್ರಿಕೆಯ ನಡುವೆ ಭಾರದ ಕೆಳಗಿಟ್ಟು, ಮಳೆಗಾಲದಲ್ಲಿ ಕಾಗದವನ್ನು ದಿನವೂ ಬದಲಿಸಬೇಕು. ಬೇಗ ಒಣಗಲೆಂದು ಅಡಿಕೆ ಡ್ರೈಯರಿಗೆ ಹಾಕಿದರೆ ಪುಡಿಯಷ್ಟೇ ಉಳಿದೀತು. ಕಾಡಿನೊಳಗೆ ಮಾತ್ರ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕೈಹಾಕಬೇಡಿರಿ. ಖಾನಾಪುರದ ಭೀಮಗಡವಂತೂ 2011ರಿಂದ ವನ್ಯಧಾಮ. ಸಿಕ್ಕ ಜಾಗವನ್ನು ಸಂತೆಯಲ್ಲಿ ಹೇಳುವುದೂ ಬೇಡ. ಮುಸಲಿಯ ಗೆಡ್ಡೆಗೆ ಬೆಲೆಯಿದೆ, ಅಗೆಯುವವರೂ ಇದ್ದಾರೆ.

ನಮ್ಮ ಹೂವು ಹೊಸದೋ, ಬೆಳಗಾವಿಯ ಹೆಸರಿನದೋ, ಎಲ್ಲೆಡೆ ಬೆಳೆಯುವ ಸಾಮಾನ್ಯ ಜಾತಿಯೋ ಇನ್ನೂ ಇತ್ಯರ್ಥವಾಗಿಲ್ಲ. ಮೊನ್ನೆ ಅಳಿಯ ಫೋನು ಮಾಡಿದ್ದ. ಗುಂಡಿಯ ಆಚೆ, ಅವರದೇ ಹೊಲದ ಬದುವಿನಲ್ಲಿ ಅಂಥದೇ ಎಲೆ ಮೂಡಿವೆಯಂತೆ, ಏಳು ಗಿಡ. ಬದುವಿಗೆ ಔಷಧಿ ಹೊಡೆಯಬೇಡ, ಕಾಯಿ ಕಟ್ಟುವವರೆಗೆ ಒಂದನ್ನೂ ಕೀಳಬೇಡ ಎಂದು ಹೇಳಿದ್ದೇವೆ. ಇಲ್ಲಿ ಬೋರ್ಡೋ ಸಿಂಪಡಣೆ ಮುಗಿದ ಮಾರನೆಯ ದಿನವೇ ಹೊರಡುತ್ತೇವೆ.