ಬೊರಿವಲಿಯಲ್ಲಿ ಕಲ್ಲಿನ ಹಡಗುಗಳು

ಮುಂಬೈಗೆ ಹೊಸದಾಗಿ ಹೋಗುವವರಿಗೆ ಊರವರೆಲ್ಲ ಸೇರಿ ಒಂದು ಪಟ್ಟಿ ಕೊಟ್ಟು ಕಳಿಸುತ್ತಾರೆ. ಗೇಟ್‌ವೇ, ಮರೀನ್ ಡ್ರೈವ್, ಹಾಜಿ ಅಲಿ, ಸಿದ್ಧಿವಿನಾಯಕ, ಬಿಡುವಿದ್ದರೆ ಎಲಿಫೆಂಟಾ. ಬೊರಿವಲಿಯ ಹೆಸರು ಆ ಪಟ್ಟಿಯಲ್ಲಿರುವುದಿಲ್ಲ. ಅದು ನೆಂಟರ ಮನೆ ಇರುವ ಉಪನಗರ. ನಾನೂ ನೆಂಟರ ಮನೆಗೆಂದೇ ಹೋದದ್ದು. ಊಟಕ್ಕಿನ್ನೂ ಹೊತ್ತಿತ್ತು, ಸುಮ್ಮನೆ ಅಲ್ಲೇ ಬೊರಿವಲಿಯ ಎಕ್ಸರ್ ಕಡೆಗೆ ಕಾಲು ಹಾಕಿದೆ. ದಾರಿಯಲ್ಲಿ ಚಹಾ ಕುಡಿದ ಹೋಟೆಲಿನ ಗಲ್ಲಾದಲ್ಲಿದ್ದವರು ಉಡುಪಿ ಕಡೆಯ ಹಿರಿಯರು. ಊರು, ಮಳೆ, ಮಕ್ಕಳು ಎಂದೆಲ್ಲ ಮಾತಾಡಿ ಕೊನೆಗೆ, "ಇಲ್ಲೇ ಒಳಗೆ ದೇವ್ರ ಕಲ್ಲುಂಟು ಮಾರಾಯ್ರೆ. ಅದ್ರಲ್ಲಿ ಹಡಗೆಲ್ಲ ಕೆತ್ತಿದ್ದಾರೆ, ನೋಡ್ಕೊಂಡು ಹೋಗಿ" ಎಂದರು.

ಆ ಕಲ್ಲುಗಳ ಮುಂದೆ ನಿಂತ ಯಾವ ಕನ್ನಡಿಗನಿಗೂ ಅವು ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಅವು ವೀರಗಲ್ಲುಗಳು. ನಮ್ಮ ಕೆರೆ ಏರಿಯ ಮೇಲೆ, ಊರಬಾಗಿಲಲ್ಲಿ, ಹನುಮಪ್ಪನ ಗುಡಿಯ ಪಕ್ಕದಲ್ಲಿ ಅರ್ಧ ಹೂತು ನಿಂತಿರುತ್ತವಲ್ಲ, ಅದೇ ಕುಲದವು. ಆದರೆ ನಮ್ಮ ಕಡೆ ವೀರನ ಸುತ್ತ ದನಗಳಿರುತ್ತವೆ, ಕುದುರೆಗಳಿರುತ್ತವೆ. ಇಲ್ಲಿ ಹಡಗುಗಳಿವೆ.

ಎಕ್ಸರಿನ ವೀರಗಲ್ಲುಗಳ ಹಳೆಯ, ವಿವರವಾದ ವರ್ಣನೆ ಇರುವುದು 1882ರ ಠಾಣೆ ಜಿಲ್ಲಾ ಗೆಜೆಟಿಯರಿನಲ್ಲಿ. ಆಗ ಇದು ಸಾಲ್ಸೆಟ್ ದ್ವೀಪದ ಒಂದು ಹಳ್ಳಿ. ಕೆರೆಯ ಪಡುದಂಡೆಯ ಮಾವಿನ ತೋಪಿನಲ್ಲಿ 6 ಕಲ್ಲುಗಳು ಸಾಲಾಗಿ ನಿಂತಿದ್ದವು. ಅವುಗಳಲ್ಲಿ 4 ಸುಮಾರು 10 ಅಡಿ ಎತ್ತರ, 3 ಅಡಿ ಅಗಲ, ಉಳಿದವು ಗಿಡ್ಡ. ಹತ್ತಡಿಯ ವೀರಗಲ್ಲೆಂದರೆ ಸಣ್ಣ ಮಾತಲ್ಲ. ನಮ್ಮ ಹಳ್ಳಿಗಳ ಬಹುಪಾಲು ವೀರಗಲ್ಲುಗಳು ಆಳೆತ್ತರವನ್ನೂ ಮುಟ್ಟುವುದಿಲ್ಲ. ಇವನ್ನು ನಿಲ್ಲಿಸಿದವರು ಬಡವರಾಗಿರಲಿಕ್ಕಿಲ್ಲ, ಸತ್ತವರು ಸಾಮಾನ್ಯ ಕಾಲಾಳುಗಳೂ ಆಗಿರಲಿಕ್ಕಿಲ್ಲ.

ವೀರಗಲ್ಲನ್ನು ಓದಬೇಕಾದದ್ದು ಬುಡದಿಂದ ಮೇಲಕ್ಕೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಅದರ ಮೇಲೆ ಸತ್ತ ವೀರನನ್ನು ಎರಡೂ ಕಡೆ ಹಿಡಿದು ಕರೆದೊಯ್ಯುವ ಅಪ್ಸರೆಯರು, ಎಲ್ಲಕ್ಕಿಂತ ಮೇಲೆ ಕೈಲಾಸ: ಲಿಂಗದ ಮುಂದೆ ಕೈಮುಗಿದು ಕೂತ ವೀರ. ಕರ್ನಾಟಕದಲ್ಲಿ ಮೂರು ಪಟ್ಟಿಯ ಈ ಕ್ರಮ ಎಷ್ಟು ರೂಢಿಯಾಗಿತ್ತೆಂದರೆ, ಅಕ್ಷರ ಬಾರದವರೂ ಕಲ್ಲು ನೋಡಿ ಕಥೆ ತಿಳಿಯುತ್ತಿದ್ದರು. ಎಕ್ಸರಿನ ರೂವಾರಿಗೆ ಮೂರು ಪಟ್ಟಿ ಸಾಲಲಿಲ್ಲ. ಗೆಜೆಟಿಯರ್ ಪ್ರಕಾರ ಇಲ್ಲಿ ಎರಡರಿಂದ ಎಂಟರವರೆಗೂ ಪಟ್ಟಿಗಳಿವೆ. ಕಲ್ಲುಗಳ ನೆತ್ತಿಯಲ್ಲಿ ಕಲಶ, ಅದರಿಂದ ಇಳಿಬಿದ್ದ ಪಟ್ಟಿಬಟ್ಟೆಯ ಗಂಟುಗಳು, ಹಾರ ಹಿಡಿದು ತೇಲಿಬರುವ ಗಂಧರ್ವರು.

ಒಂದು ಕಲ್ಲಿನ ಕೆಳಪಟ್ಟಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ಎತ್ತರದ ಮೂತಿಯ 5 ಹಡಗುಗಳು ಒಂದರ ಹಿಂದೊಂದು ಯುದ್ಧಕ್ಕೆ ಹೊರಟಿವೆ. ನಡುವೆ ಕೂವೆಮರ. ಮಗ್ಗುಲಲ್ಲಿ ಸಾಲು ಹುಟ್ಟುಗಳು, ಒಂದೊಂದು ಹಡಗಿಗೆ ಒಂಬತ್ತೊಂಬತ್ತು. ಹುಟ್ಟುಗಳೆಲ್ಲ ಒಂದೇ ಓರೆಯಲ್ಲಿ ಬಾಗಿವೆ, ಒಂದೇ ತಾಳಕ್ಕೆ ನೀರು ಹೊಡೆದಂತೆ. ಮೇಲೆ ಬಿಲ್ಲಾಳುಗಳು. ಅದರ ಮೇಲಿನ ಪಟ್ಟಿಗೆ ಬಂದರೆ ಹಡಗುಗಳು ಒಂದಕ್ಕೊಂದು ಸೇರಿಬಿಟ್ಟಿವೆ, ಗಾಯಗೊಂಡವರು ನೀರಿಗೆ ಬೀಳುತ್ತಿದ್ದಾರೆ. ಕಲ್ಲಿನ ಮೇಲೆ ನೀರನ್ನು ತೋರಿಸುವುದು ಕಷ್ಟ. ರೂವಾರಿ ಅದಕ್ಕೆ ಹೋಗಿಯೇ ಇಲ್ಲ. ಬೀಳುವ ಮೈಗಳಿಂದಲೇ ನೀರು ಕಾಣಿಸಿದ್ದಾನೆ. ಹಡಗನ್ನು ದೂರದಿಂದ ನೋಡಿದವನ ಕೆತ್ತನೆ ಇದಲ್ಲ. ಹುಟ್ಟು ಎಲ್ಲಿಂದ ಹೊರಬರುತ್ತದೆ, ಬಿಲ್ಲಾಳು ಎಲ್ಲಿ ನಿಂತರೆ ಬಾಣ ಬಿಡಬಹುದು ಎಂಬುದು ಅವನಿಗೆ ಗೊತ್ತಿತ್ತು.

ಇದನ್ನೆಲ್ಲ ಕೆತ್ತಿರುವುದು ಕರಿಗಲ್ಲಿನಲ್ಲಿ. ದಖ್ಖನಿನ ಈ ಲಾವಾಶಿಲೆ ನಮ್ಮ ಹೊಯ್ಸಳ ಶಿಲ್ಪಿಗಳ ಬಳಪದ ಕಲ್ಲಿನ ಹಾಗೆ ಉಳಿಗೆ ಬೇಗ ಮಣಿಯುವುದಿಲ್ಲ. ಅದಕ್ಕೇ ಇಲ್ಲಿ ಜಾಲಂದ್ರದ ನವುರು ಕೆಲಸವಿಲ್ಲ. ಆಳವಾಗಿ ಕಡಿದು ಉಬ್ಬಿಸಿದ ಗಟ್ಟಿ ಆಕೃತಿಗಳಿವೆ. ಇದೇ ಶಿಲೆಯಲ್ಲಿ, ಇದೇ ಸೀಮೆಯ ಶಿಲ್ಪಿಗಳು ಮುಂಬೈಗೆ ಹತ್ತಿರದ ಅಂಬರನಾಥದಲ್ಲಿ ದೇವಾಲಯವನ್ನೇ ಕಟ್ಟಿದ್ದಾರೆ. ಅಲ್ಲಿನ ಶಾಸನದ ಕಾಲ 1060. ಕಟ್ಟಿಸಿದವರು ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು.

ಯಾರ ಯುದ್ಧ ಇದು? ನಮ್ಮ ವೀರಗಲ್ಲುಗಳಲ್ಲಿ ಪಟ್ಟಿಗಳ ನಡುವಿನ ಅಂಚಿನಲ್ಲಿ ಬರಹವಿರುತ್ತದೆ. ತುರುಗೊಳ್ (ದನ ಹಿಡಿದೊಯ್ಯುವುದು), ಊರಳಿವು (ಊರಿನ ನಾಶ), ಪೆಣ್ಬುಯ್ಯಲ್ (ಹೆಣ್ಣಿನ ಮೊರೆ) ಎಂದು ಸಾವಿನ ಕಾರಣವೂ ಅಲ್ಲೇ ಸಿಗುತ್ತದೆ. ಅಷ್ಟೇಕೆ, ಕ್ರಿ.ಶ. 949–50ರ ಆತಕೂರಿನ ಕಲ್ಲು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ಹೆಸರನ್ನೂ ಉಳಿಸಿದೆ. ಎಕ್ಸರಿನ ಇಷ್ಟು ದೊಡ್ಡ ಕಲ್ಲುಗಳು ತಮ್ಮ ವೀರರ ಹೆಸರು ಹೇಳುವುದಿಲ್ಲ. ಹಾಗಾಗಿ ವಿದ್ವಾಂಸರಲ್ಲಿ ಎರಡು ಮಾತಿದೆ. 11ನೇ ಶತಮಾನದ ಆರಂಭದಲ್ಲಿ ಮಾಳವದ ಭೋಜ ಕೊಂಕಣದ ಮೇಲೆ ಏರಿಬಂದ ಕಾಲದವು ಎನ್ನುವುದು ಒಂದು. ಶಿಲಾಹಾರರ ಶಾಸನಗಳನ್ನೆಲ್ಲ ಸಂಪಾದಿಸಿದ ವಾ.ವಿ. ಮಿರಾಶಿಯವರು ಹೇಳುವುದು ಬೇರೆ: ಇದು 1265ರ ಸುಮಾರಿಗೆ ದೇವಗಿರಿಯ ಸೇವುಣ ದೊರೆ ಮಹಾದೇವನಿಗೂ ಕೊನೆಯ ಶಿಲಾಹಾರ ಅರಸ ಸೋಮೇಶ್ವರನಿಗೂ ನಡೆದ ಕಾಳಗ.

ನನಗೆ ಮಿರಾಶಿಯವರ ಮಾತೇ ಒಪ್ಪಿಗೆ. ಸೇವುಣರ ಮಂತ್ರಿ ಹೇಮಾದ್ರಿ ತನ್ನೊಡೆಯನನ್ನು ಹೊಗಳುವಾಗ ಈ ಯುದ್ಧವನ್ನು ನೆನೆಯುತ್ತಾನೆ. ನೆಲದ ಮೇಲೆ ಮಹಾದೇವನ ಆನೆಗಳ ಮುಂದೆ ನಿಲ್ಲಲಾರದ ಸೋಮೇಶ್ವರ ಹಡಗು ಹತ್ತಿದ. ಅಲ್ಲೂ ಬೆನ್ನು ಬಿಡದಾಗ ಸೇನೆಯೊಡನೆ ಕಡಲಲ್ಲಿ ಮುಳುಗಿದ. ಮಹಾದೇವನ ಕೋಪಕ್ಕಿಂತ ಸಮುದ್ರದ ಬಡಬಾಗ್ನಿಯೇ ಅವನಿಗೆ ಮೇಲೆನಿಸಿತು ಎಂಬುದು ಆ ಹೊಗಳಿಕೆಯ ಸಾರ. ಎಕ್ಸರಿನಲ್ಲೂ ಹೀಗೆಯೇ ಇದೆ. ಕೆಲವು ಕಲ್ಲುಗಳಲ್ಲಿ ಕುದುರೆ, ಬಿಲ್ಲಾಳು, ಆನೆಗಳ ನೆಲದ ಕಾಳಗ. ಉಳಿದವುಗಳಲ್ಲಿ ಹಡಗುಗಳ ಕಾಳಗ. ಆನೆಯೂ ಹಡಗೂ ಒಂದೇ ಸಾಲಿನಲ್ಲಿ ನಿಲ್ಲಲು ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುತ್ತಿಲ್ಲ.

ನೂರಾರು ಕನ್ನಡ ಶಾಸನಗಳನ್ನು ಬಿಟ್ಟುಹೋದ ಸೇವುಣರು ನಮಗೆ ಪರಕೀಯರಲ್ಲ. ಶಿಲಾಹಾರರೂ ಅಲ್ಲ, ಅವರು ಮೊದಲು ಕೊಂಕಣಕ್ಕೆ ಬಂದದ್ದೇ ಮಳಖೇಡದ ರಾಷ್ಟ್ರಕೂಟರ ಸಾಮಂತರಾಗಿ. ಹಡಗಿನ ಕಾಳಗದ ವೀರಗಲ್ಲುಗಳು ಹಳೆಗೋವೆಯ ವಸ್ತುಸಂಗ್ರಹಾಲಯದಲ್ಲೂ ಇವೆ, ಅವು ಕದಂಬರ ಕಾಲದವು. 1982ರಲ್ಲಿ ಷ. ಶೆಟ್ಟರ್ ಮತ್ತು ಸೊಂತೈಮರ್ ಸಂಪಾದಿಸಿದ ಸ್ಮಾರಕಶಿಲೆಗಳ ಗ್ರಂಥ ಧಾರವಾಡದಿಂದ ಹೊರಬಂದಾಗಿನಿಂದ ಸತ್ತವರಿಗೆ ಕಲ್ಲು ನಿಲ್ಲಿಸುವ ಪದ್ಧತಿಯ ಹರವು ನಮಗೆ ತಿಳಿದಿದೆ. ಆದರೆ ನಾವು ವೀರಗಲ್ಲನ್ನು ಹೊಲಗದ್ದೆಯ, ದನದ ಹಟ್ಟಿಯ ಕಥೆಯಾಗಿಯೇ ಕಲಿತಿದ್ದೇವೆ. ಕಡಲಲ್ಲಿ ಸತ್ತವರಿಗೂ ಅದೇ ಕೈಲಾಸ, ಅದೇ ಅಪ್ಸರೆಯರು ಸಿಕ್ಕರೆಂಬುದನ್ನು ಪಶ್ಚಿಮ ಕರಾವಳಿಯ ಈ ಕಲ್ಲುಗಳು ತೋರಿಸುತ್ತವೆ. ಪಠ್ಯಪುಸ್ತಕದಲ್ಲಿ ಇವುಗಳ ಚಿತ್ರವೊಂದು ಇರಬೇಕಿತ್ತು.

ಕಲ್ಲುಗಳಿಗೆ ಸ್ಥಳೀಯರು ಕೆಂಪು ಬಣ್ಣ ಬಳಿದು ಪೂಜೆ ಮಾಡುತ್ತಾರೆ. ಉಳಿಯ ಗೀರುಗಳು ಬಣ್ಣದಡಿ ಮುಚ್ಚಿಹೋಗಿವೆ ಎಂದು ಇತಿಹಾಸಪ್ರಿಯರು ಬೇಸರಪಡುವುದು ಸಹಜ, ನನಗೂ ಬೇಸರವಾಯಿತು. ಆದರೆ ತೋಪು ಹೋಗಿ, ಗದ್ದೆ ಹೋಗಿ, ಸುತ್ತ ಕಟ್ಟಡಗಳೆದ್ದರೂ ಈ ಕಲ್ಲುಗಳು ಯಾರ ಮನೆಯ ಪಾಯಕ್ಕೂ ಸೇರದೆ ಉಳಿದದ್ದು ಅದೇ ಕುಂಕುಮದ ದೆಸೆಯಿಂದ. ಅವನ್ನು ಕಿತ್ತು ಮ್ಯೂಸಿಯಮ್ಮಿನಲ್ಲಿಡಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಕಿತ್ತಯ್ಯನೆಂಬ 8ನೇ ಶತಮಾನದ ವೀರನ ಕಲ್ಲು ಸಿಕ್ಕಿತು. ಊರಿನ ಜನ, ಶಾಸನಾಸಕ್ತರು ಕೂಡಿ ಅದನ್ನು ಹೆಬ್ಬಾಳದಲ್ಲೇ ಉಳಿಸಿಕೊಂಡರು, ಅದಕ್ಕೊಂದು ಮಂಟಪವೂ ಆಯಿತು. ಎಕ್ಸರಿಗೂ ಅಂಥದೇ ಬೇಕು: ಪೂಜೆ ಮಾಡುವವರನ್ನು ಜೊತೆಗಿಟ್ಟುಕೊಂಡು ನೆರಳು, ಎಣ್ಣೆಬಣ್ಣಕ್ಕೆ ಬದಲು ಬರೀ ಕುಂಕುಮ, ಮರಾಠಿಯಲ್ಲಿ ನಾಲ್ಕು ಸಾಲಿನ ಫಲಕ. ಸುತ್ತಲಿನ ಶಾಲೆಯ ಮಕ್ಕಳು ಬಂದು ಹುಟ್ಟುಗಳನ್ನು ಎಣಿಸುವಂತಾಗಬೇಕು.

ಹೋಗುವುದು ಈಗ ಸುಲಭ. 2022ರಲ್ಲಿ ಆರಂಭವಾದ ಮೆಟ್ರೊ 2ಎ ಮಾರ್ಗದಲ್ಲಿ ಎಕ್ಸರ್ ಎಂಬ ನಿಲ್ದಾಣವೇ ಇದೆ. ಬೊರಿವಲಿ ಸ್ಟೇಷನ್ನಿನ ಪಶ್ಚಿಮಕ್ಕಿಳಿದು ರಿಕ್ಷಾ ಹಿಡಿದರೂ ಆಯಿತು. ಬೆಳಗಿನ ಓರೆಬಿಸಿಲು ಉಬ್ಬುಕೆತ್ತನೆಗೆ ಒಳ್ಳೆಯದು. ಹತ್ತಿರದಲ್ಲೇ ಮಂಡಪೇಶ್ವರದ ಶೈವ ಗುಹೆಯಿದೆ, ಅದರ ನೆತ್ತಿಯ ಮೇಲೆ ಪೋರ್ಚುಗೀಸರ ಪಾಳು ಇಗರ್ಜಿ. ಇಡೀ ದಿನವಿದ್ದರೆ ಬೊರಿವಲಿಯ ಪೂರ್ವಕ್ಕೆ ದಾಟಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದೊಳಗಿನ ಕನ್ಹೇರಿಗೆ ಹೋಗಿ. ಸೋಮವಾರ ಮಾತ್ರ ಬಾಗಿಲು ಹಾಕಿರುತ್ತದೆ. ನೂರಕ್ಕೂ ಮಿಕ್ಕ ಬೌದ್ಧ ಗುಹೆಗಳ ಆ ಗುಡ್ಡದಲ್ಲಿ 9ನೇ ಶತಮಾನದ ಮೂರು ಶಾಸನಗಳು ಅಮೋಘವರ್ಷನ ಆಳ್ವಿಕೆಯನ್ನು ಹೆಸರಿಸುತ್ತವೆ, ಕವಿರಾಜಮಾರ್ಗದ ನಮ್ಮ ನೃಪತುಂಗನನ್ನೇ. ಅವನ ಸಾಮಂತರಾಗಿ ಅಲ್ಲಿ ಕಾಣಿಸಿಕೊಳ್ಳುವ ಪುಲ್ಲಶಕ್ತಿ ಮತ್ತು ಕಪರ್ದಿ, ಕಡಲಲ್ಲಿ ಮುಳುಗಿದ ಸೋಮೇಶ್ವರನ ಪೂರ್ವಿಕರು. ಆ ಶಾಸನಗಳಲ್ಲೊಂದು, ದೂರದ ಗೌಡದೇಶದಿಂದ ಬಂದ ಉಪಾಸಕನೊಬ್ಬ ಇಲ್ಲಿನ ಭಿಕ್ಷುಗಳಿಗಾಗಿ 100 ದ್ರಮ್ಮ ನಾಣ್ಯ ಕೊಟ್ಟದ್ದನ್ನು ದಾಖಲಿಸಿದೆ.