ಹಳೇ ಗೇಮ್, ಹೊಸ ಬಣ್ಣ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲೇ ಇರಿ, ಸೈಬರ್ ಸೆಂಟರ್‌ನಲ್ಲಿ ಜಿಟಿಎ ವೈಸ್ ಸಿಟಿ ಗೇಮ್ ಆಡಿ ಬೆಳೆದವರಿಗೆ ಈ ಮಾತು.

ಹಳೇ ಗೇಮ್ ಮತ್ತೆ ಮಾಡೋದು ತಪ್ಪಲ್ಲ. 1998ರ ರೆಸಿಡೆಂಟ್ ಈವಿಲ್ 2ನ ಕ್ಯಾಪ್‌ಕಾಮ್ 2019ರಲ್ಲಿ ಬುಡದಿಂದ ಕಟ್ಟಿತು. ಕ್ಯಾಮೆರಾ ಹೆಗಲ ಹಿಂದೆ ಬಂತು, ಭಯ ಹಾಗೇ ಉಳೀತು. ರೀಮೇಕ್ ಅಂದ್ರೆ ಅದು!

ಆದ್ರೆ ಮೂರು ಹಳೇ ಜಿಟಿಎ ಗೇಮ್‌ಗಳಿಗೆ ಹೊಸ ಬಣ್ಣ ಬಳಿದ 2021ರ ಜಿಟಿಎ ಟ್ರೈಲಜಿ ನೋಡಿ. ಸ್ಯಾನ್ ಆಂಡ್ರಿಯಾಸ್‌ನ ಟಫ್ ನಟ್ ಡೋನಟ್ ಅಂಗಡಿ ಮೇಲೆ ಆರು ಮೂಲೆಯ ದೊಡ್ಡ ನಟ್ ಇತ್ತಲ್ಲ, ಹೊಸದರಲ್ಲಿ ಮೂಲೆಗಳೆಲ್ಲ ಹೋಗಿ ನುಣ್ಣಗಾಗಿತ್ತು. ಮಳೆ ಬಂದ್ರೆ ಬಿಳಿ ಗೆರೆಗಳ ಮಧ್ಯೆ ರಸ್ತೆಯೇ ಸರಿಯಾಗಿ ಕಾಣ್ತಿರಲಿಲ್ಲ. 2024ರಲ್ಲೂ ತೇಪೆ ಹಾಕ್ತಾನೇ ಇದ್ರು.

ಈಗ ಜಿಟಿಎ 6. ಜಿಟಿಎ ಮಾಡೋ ಕಂಪನಿ ರಾಕ್‌ಸ್ಟಾರ್ ಬಿಡುಗಡೆಗೆ ಹೇಳಿರೋ ದಿನ 2026ರ ನವೆಂಬರ್ 19. ಮತ್ತೆ ವೈಸ್ ಸಿಟಿನೇ, ಆದ್ರೆ ಜೇಸನ್, ಲೂಸಿಯಾ ಅಂತ ಹೊಸ ಜೋಡಿ, ಹೊಸ ಕಥೆ. ಇದೇ ಸರಿಯಾದ ದಾರಿ.

ಇನ್ನೊಂದು ವಿಷಯಕ್ಕೆ ನಂಗೆ ತುಂಬಾ ಹೆಮ್ಮೆ. ಹಾಸನದಿಂದ ಬೆಳಿಗ್ಗೆ ರೈಲು ಹತ್ತಿದ್ರೆ ಮಧ್ಯಾಹ್ನದೊಳಗೆ ಮುಟ್ಟೋ ಬೆಂಗಳೂರಲ್ಲೇ ರಾಕ್‌ಸ್ಟಾರ್‌ಗೆ ಸ್ಟುಡಿಯೋ ಇದೆ. 1997ರಲ್ಲಿ ಅಲ್ಲೇ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನೋ ಗೇಮ್ ಕಂಪನಿನ 2019ರಲ್ಲಿ ಕೊಂಡು ಸೇರಿಸ್ಕೊಂಡ್ರು.

ಜಿಟಿಎ 6 ತಡವಾದ್ರೂ ಪರ್ವಾಗಿಲ್ಲ, ಪೂರ್ತಿಯಾಗಿ ಬರ್ಲಿ. ನೀವು ಮಾತ್ರ ಮುಂಗಡ ದುಡ್ಡು ಕಟ್ಬೇಡಿ. ಬಿಡುಗಡೆಯಾದ್ಮೇಲೆ ಒಂದು ವಾರ ಜನ ಆಡೋದನ್ನ ನೋಡಿ, ಆಮೇಲೆ ತಗೊಳ್ಳಿ.